ಕೋಟಿ ಬಣ್ಣಕ್ಕೆ ಜಾಗ ಉಂಟು, ನಾಲ್ಕು ಅಂಕಿಗೆ ಇಲ್ಲ

ಸ್ಮಾರ್ಟ್ ಪ್ಲಗ್, ಸ್ಮಾರ್ಟ್ ಸ್ವಿಚ್, ಸ್ಮಾರ್ಟ್ ಬಲ್ಬುಗಳ ಪೆಟ್ಟಿಗೆಯ ಮೇಲಿನ ಮಾತು ಬರೆಸುವ ಸಾಹೇಬರಿಗೆ,

ಪೆಟ್ಟಿಗೆಯ ಮೇಲೆ ಇರಬೇಕಾದದ್ದು ಎಷ್ಟೋ ಇಲ್ಲ, ನಿಮ್ಮ ಹೆಸರೂ ಇಲ್ಲ. ಹಾಗಾಗಿ ಪುಣೆಯ ಸ್ವಾರಗೇಟ ಬಸ್ ಸ್ಟ್ಯಾಂಡಿನ ಸುತ್ತಲಿನ ಅಂಗಡಿಗಳಿಂದ ಬುಧವಾರ ಪೇಠೆಯ ತಾಪಕೀರ ಗಲ್ಲಿಯವರೆಗೆ ನಿಮ್ಮ ಮಾಲು ಎಲ್ಲೆಲ್ಲಿ ತೂಗುತ್ತದೋ ಅಲ್ಲೆಲ್ಲ ಈ ಪತ್ರವನ್ನು ಅಂಟಿಸಿದ್ದೇನೆಂದು ತಿಳಿಯಿರಿ. ನಿಮ್ಮ ಪೆಟ್ಟಿಗೆ ಹೇಳುವುದೇನು? ಮಾತಾಡಿದರೆ ದೀಪ ಹತ್ತುತ್ತದೆ, ಮೊಬೈಲ್ ಒತ್ತಿದರೆ ಗೀಸರ್ ಕಾಯುತ್ತದೆ, ಬಲ್ಬು 1 ಕೋಟಿ 60 ಲಕ್ಷ ಬಣ್ಣ ತೋರಿಸುತ್ತದೆ. ಕೂತು ಎಣಿಸಿದ ಪುಣ್ಯಾತ್ಮರಿಗೆ ನಮಸ್ಕಾರ. ಆದರೆ ಮನೆಬಳಕೆಯ ಪ್ಲಗ್ಗು, ಸಾಕೆಟ್ಟುಗಳಿಗೆ ನಮ್ಮ ದೇಶದಲ್ಲಿರುವ ಮಾನಕ ಐಎಸ್ 1293. ಅದು ಬರೀ ನಾಲ್ಕು ಅಂಕಿ. ಕೋಟಿ ಬಣ್ಣ ಹಿಡಿಸಿದ ಡಬ್ಬಿಯ ಮೇಲೆ ಅದಕ್ಕೆ ಜಾಗ ಸಾಲಲಿಲ್ಲ. ಎಷ್ಟು ಆಂಪಿಯರ್ ತಾಳುತ್ತದೆ ಎಂಬುದನ್ನು ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಹಾಕಿ, ಅದರ ಮೇಲೇ ಸರಿಯಾಗಿ ಎಂಆರ್‌ಪಿ ಚೀಟಿ ಮೆತ್ತುತ್ತೀರಿ.

ಈ ಆಂಪಿಯರ್ ಒಂದನ್ನು ಬಿಟ್ಟು ಉಳಿದ ತಕರಾರುಗಳನ್ನೆಲ್ಲ ಮರೆಯಲು ಸಿದ್ಧ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಗೋಡೆಯಲ್ಲಿರುವ ಮೂರು ತೂತಿನ ಸಾಕೆಟ್ಟುಗಳಲ್ಲಿ ಚಿಕ್ಕದು 6 ಆಂಪಿಯರಿನದು, ದೊಡ್ಡದು 16ರದು. ಚಿಕ್ಕದು 1,380 ವ್ಯಾಟ್ ಹೊರುತ್ತದೆ, ದೊಡ್ಡದು 3,680. ನಡುವೆ ನೀವು ತಂದಿಟ್ಟದ್ದು 10 ಆಂಪಿಯರಿನ ಸ್ಮಾರ್ಟ್ ಪ್ಲಗ್. ಅದರ ಮಿತಿ 2,300 ವ್ಯಾಟ್. ಪೆಟ್ಟಿಗೆಯ ಚಿತ್ರದಲ್ಲಿ ಮಾತ್ರ ಗೀಸರ್. 3,000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಹೆಚ್ಚುವರಿ ಮೂರೇ ಆಂಪಿಯರ್ ಅನ್ನಬೇಡಿ; ಸಂಪರ್ಕದಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಶೇಕಡಾ 69ರಷ್ಟು ಹೆಚ್ಚು. ಮನೆಯಲ್ಲಿ ಓವರ್‌ಲೋಡಾದರೆ ತಾನೇ ಬೀಳುವ ಎಂಸಿಬಿ ಇದೆಯಲ್ಲ ಎಂದು ನಿಮ್ಮ ಕಡೆಯವರು ವಾದಿಸುತ್ತಾರೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು, ನಿಮ್ಮ ಪ್ಲಗ್ಗನ್ನಲ್ಲ. 16 ಆಂಪಿಯರಿನ ಎಂಸಿಬಿಗೆ 13 ಎಂದರೆ ಏನೂ ಅಲ್ಲ. ಅದರ ಮಾನಕದ ಪ್ರಕಾರ ಒಂದು ಗಂಟೆಯೊಳಗೆ ಅದು ಬೀಳಲೇಬೇಕಾದದ್ದು 1.45 ಪಟ್ಟು ಕರೆಂಟಿನಲ್ಲಿ, ಅಂದರೆ 23 ಆಂಪಿಯರ್ ದಾಟಿದ ಮೇಲೆ. ಅಷ್ಟರಲ್ಲಿ ಪ್ಲಗ್ಗು ಕರಗಿ, ಸಾಕೆಟ್ಟು ಕಪ್ಪಾಗಿ, ಎಂಸಿಬಿ ಮಾತ್ರ ನೆಟ್ಟಗೆ ನಿಂತಿರುತ್ತದೆ. ಓವರ್‌ಲೋಡ್ ಆದರೆ ಆ್ಯಪ್ ತಾನೇ ಆರಿಸುತ್ತದೆ ಎಂಬುದು ಇನ್ನೊಂದು ಸಮಜಾಯಿಷಿ. ಆ್ಯಪ್ ಆದೇಶ ಕೊಡಬಹುದು, ಬಿಡಿಸಬೇಕಾದದ್ದು ಒಳಗಿನ ರಿಲೇ. ಬಿಸಿಗೆ ಅದರ ಎರಡು ತುದಿ ಬೆಸೆದುಕೊಂಡರೆ ಮೊಬೈಲಿನಲ್ಲಿ ‘ಆಫ್’ ಎಂದು ಕಾಣುತ್ತಿರುವಾಗಲೇ ಗೀಸರ್ ಕುದಿಯುತ್ತಿರುತ್ತದೆ. ಬೆಸೆದ ಲೋಹಕ್ಕೆ ವೈಫೈ ಅರ್ಥವಾಗುವುದಿಲ್ಲ, ಸಾಹೇಬರೇ.

ಐಎಸ್ ನಂಬರ್ ಕೇಳಿದರೆ ನಿಮ್ಮ ಮಾರಾಟಗಾರರು ಸಿಇ ಗುರುತು ತೋರಿಸುತ್ತಾರೆ. ಅದು ಯುರೋಪಿನ ಪೇಟೆಗಾಗಿ ಇರುವಂಥದು. ಇಂಥ ಬಹುಪಾಲು ಮಾಲಿಗೆ ತಯಾರಕನೇ ತನಗೆ ತಾನೇ ಕೊಟ್ಟುಕೊಳ್ಳುವ ಮಾತು. ಅಲ್ಲಿಯ ಪಿನ್ನೇ ಬೇರೆ, ನಮ್ಮ ಗೋಡೆಯ ಸಾಕೆಟ್ಟೇ ಬೇರೆ. ಕೆಲವರು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಅನುಮೋದನೆ ಮುಂದಿಡುತ್ತಾರೆ. ಅದು ರೇಡಿಯೊ ಅಲೆಗಳ ಲೆಕ್ಕ, ಪ್ಲಾಸ್ಟಿಕ್ಕು ಹೊತ್ತಿಕೊಳ್ಳುತ್ತದೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ತೀರಾ ಜಾಣರು, ‘ಇದು ಪ್ಲಗ್ಗೇ ಅಲ್ಲ, ಸ್ಮಾರ್ಟ್ ಸಾಧನ, ಆ ಮಾನಕ ನಮಗಲ್ಲ’ ಎನ್ನುತ್ತಾರೆ. ಮೂರು ಪಿನ್ನು ಮುಂದೆ, ಮೂರು ತೂತು ಹಿಂದೆ. ಪ್ಲಗ್ಗಲ್ಲದಿದ್ದರೆ ಇದೇನು, ಹಾರ್ಮೋನಿಯಮ್ಮೇ? ಆ ಮಾನಕ ಬೇಡವಾದರೆ ಬೇಡ, ಯಾವ ಮಾನಕದಡಿ, ಎಷ್ಟು ಆಂಪಿಯರಿಗೆ ಪರೀಕ್ಷೆಯಾಯಿತು ಎಂದಾದರೂ ಬರೆಯಿರಿ. ಸ್ವಿಚ್ಚಿಗೆ ಐಎಸ್ 3854, ಎಲ್‌ಇಡಿ ಬಲ್ಬಿನ ಸುರಕ್ಷತೆಗೆ ಐಎಸ್ 16102 ಇದೆ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ, ಬಲ್ಬಿನ ಮೇಲೆ ಆರ್ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಲೈಸೆನ್ಸು, ಯಾವ ಮಾಲಿಗೆ ಎಂಬುದು ಅಂಗಡಿಯ ಮುಂದೆ ನಿಂತಲ್ಲೇ ಗೊತ್ತಾಗುತ್ತದೆ. ಸಂಖ್ಯೆ ಮುದ್ರಿಸದಿರಲು ನಿಮಗಿರುವ ಕಾರಣ ಇದೇ ಇರಬಹುದೆಂದು ನನ್ನ ಅನುಮಾನ.

ಗಿರಾಕಿ ಅಗ್ಗದ್ದನ್ನೇ ಕೇಳುತ್ತಾನೆ, ಹಿಂಬದಿ ಯಾರೂ ಓದುವುದಿಲ್ಲ ಎಂಬ ಮಾತೂ ಇದೆ. ಓದಲು ಬಿಟ್ಟಿದ್ದೀರಾ? ಸ್ವಾರಗೇಟಿನಲ್ಲಿ ವಿಜಯಪುರದ ಬಸ್ಸು, ಬೆಳಗಾವಿ-ಹುಬ್ಬಳ್ಳಿಯ ಬಸ್ಸು ನಿಲ್ಲುತ್ತವೆ. ಹಬ್ಬಕ್ಕೆ ಊರಿಗೆ ಹೊರಟವನು ಅಪ್ಪ-ಅಮ್ಮನ ಮನೆಗೆಂದು ಒಂದು ಪ್ಲಗ್ಗು, ಎರಡು ಬಲ್ಬು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ಏಳು ದಿನದೊಳಗೆ ಬದಲಿ ಕೊಡುತ್ತೇವೆ ಎಂಬ ನಿಮ್ಮ ಔದಾರ್ಯ ಮುನ್ನೂರು ಕಿಲೋಮೀಟರ್ ಆಚೆಗೆ ಯಾವ ಉಪಯೋಗಕ್ಕೆ? ಅಲ್ಲಿ ವೋಲ್ಟೇಜು ಮನಸ್ಸಿಗೆ ಬಂದಂತೆ ಏರಿಳಿಯುತ್ತದೆ, ಅರ್ಥಿಂಗ್ ಇದ್ದರೆ ಇದೆ. ಆ ಮನೆಯಲ್ಲಿ ಗೀಸರ್ ಹಚ್ಚುವ ಮುದುಕಿಗೆ ಆಂಪಿಯರ್ ಹೇಳಬೇಕಾದವರು ನೀವು. ಹೇಳಲಿಲ್ಲ. ಇಲ್ಲಿ ನಗುವಂಥದ್ದು ಏನೂ ಇಲ್ಲ; ಬಣ್ಣ ಎಣಿಸುವ ಕೈಗೆ ಎರಡಂಕಿಯ 10 ಅನ್ನು ಕಾಣುವಂತೆ ಬರೆಯಲು ಏನಾಗಿತ್ತು?

ಎಷ್ಟೋ ಹಳೆಯ ಮನೆಗಳ ಸ್ವಿಚ್ ಬೋರ್ಡಿಗೆ ನ್ಯೂಟ್ರಲ್ ತಂತಿಯೇ ಬಂದಿರುವುದಿಲ್ಲ ಎಂಬ ಸಂಗತಿಯನ್ನೂ ದಯಮಾಡಿ ಪೆಟ್ಟಿಗೆಯ ಮುಂಬದಿಗೆ ತನ್ನಿ. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚು ಆರಿಸಿದಾಗಲೂ ಬಲ್ಬಿನ ಮೂಲಕ ಚೂರು ಕರೆಂಟು ಹರಿಸುತ್ತಲೇ ಇರುತ್ತದೆ. ಹಾಗಾಗಿ ರಾತ್ರಿಯೆಲ್ಲ ಎಲ್‌ಇಡಿ ಮಿಣಮಿಣ ಅಂದರೆ ಅದು ದೆವ್ವವಲ್ಲ, ಮೇನ್ ಆರಿಸದೆ ಹೋಲ್ಡರಿಗೆ ಕೈ ಹಾಕಬೇಡಿ ಎಂದು ಯಾರಾದರೂ ಹೇಳಬೇಕಲ್ಲ. ಕಡೆಗೆ ಒಂದು ಮಾತು. ಗುರುತು ಕಡ್ಡಾಯವಾಗಿರುವ ಮಾಲನ್ನು ಗುರುತಿಲ್ಲದೆ ಮಾರಿದರೆ 2016ರ ಬಿಐಎಸ್ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ ಮೊದಲ ಸಲ ಕನಿಷ್ಠ 2 ಲಕ್ಷ ರೂಪಾಯಿ ದಂಡ ಇದೆ, ಎರಡನೆಯ ಸಲಕ್ಕೆ 5 ಲಕ್ಷ. ಹೆದರಿಸುತ್ತಿಲ್ಲ. ಸಣ್ಣ ಅಕ್ಷರದಲ್ಲಿದ್ದದ್ದನ್ನು ದೊಡ್ಡದಾಗಿ ಓದಿ ಹೇಳಿದೆ, ಅಷ್ಟೇ.

ಇತಿ,
ಎಂಆರ್‌ಪಿ ಚೀಟಿಯನ್ನು ಉಗುರಿನಿಂದ ಕಿತ್ತು ಓದುವ ಒಬ್ಬ ಗಿರಾಕಿ,
ಸ್ವಾರಗೇಟ, ಪುಣೆ