ಚುಚ್ಚುಮಾತು

"ಕಿವಿಗೆ ಓಲೆ, ತೋಳಿಗೆ ಚೇಳಿನ ಹಚ್ಚೆ! ಮಾನ ಮರ್ಯಾದೆ ಇದೆಯೇನೋ?" ಅಪ್ಪ ಗುಡುಗಿದರು.

"ಫೋಟೋದಲ್ಲಿ ತಾತನ ಕಿವೀಲಿ ಹತ್ತಕಡಕು ಇದೆಯಲ್ಲಪ್ಪ?"

"ಅದು ಸಂಪ್ರದಾಯ."

"ಅಜ್ಜಿ ಕೈತುಂಬಾ ಇರೋ ಹಚ್ಚೆ?"

"ಅದೂ ಸಂಪ್ರದಾಯ. ನಿಂದು ಶೋಕಿ."

ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. "ಕೊರವಂಜಿ ಸೂಜಿ ಚುಚ್ಚುವಾಗ ನನ್ನ ನಾಲ್ಕು ಜನ ಅದುಮಿ ಹಿಡಿದಿದ್ರು. ಒಂದು ಸೇರು ರಾಗಿ ಕೊಟ್ವಿ. ನೀನೆಷ್ಟು ಕೊಟ್ಟೆ ಮಗ?"

"ಎಂಟು ಸಾವಿರ."

"ಇಷ್ಟು ಬಡಕಲು ಚೇಳಿಗಾ?"

ಅಪ್ಪ ವಿಜ್ಞಾನಕ್ಕೆ ಮೊರೆಹೋದರು (ಸಂಪ್ರದಾಯ ಕೈಕೊಟ್ಟಾಗ ಅದೊಂದಿದೆ). "ಒಂದು ವರ್ಷ ರಕ್ತದಾನ ಮಾಡೋ ಹಾಗಿಲ್ಲ, ಗೊತ್ತಾ?"

"ನೀವು ಯಾವತ್ತಾದ್ರೂ ಮಾಡಿದ್ದೀರಾ?"

ಅಪ್ಪ ಅಡುಗೆಮನೆ ಕಡೆ ತಿರುಗಿದರು. "ನೋಡೇ, ಒಬ್ಬ ಹೀಗೆ. ಇನ್ನು ನಿನ್ನ ಮಗಳು, ಮೂಗು ಚುಚ್ಚಿಸಿಕೊಳ್ಳೇ ಅಂದ್ರೆ 'ನನ್ನ ಮೂಗು, ನನ್ನಿಷ್ಟ' ಅಂತಾಳೆ!"