ದೊಡ್ಡವರಿಗೂ ಒಂದು ಶಾಲಾ ಪ್ರವಾಸ

ಜರ್ಮನಿಯ ಶಾಲಾ ಮಕ್ಕಳು ವೈಮಾರ್ ಊರಿಗೆ ಹೋಗುವ ಪ್ರವಾಸದ ವೇಳಾಪಟ್ಟಿಯನ್ನು ಒಮ್ಮೆ ನೋಡಬೇಕು. ಬೆಳಿಗ್ಗೆ ಗಯಟೆಯ ಮನೆ. ಕಾಳಿದಾಸನ ಶಾಕುಂತಲವನ್ನು ಓದಿ ಕೊಂಡಾಡಿದನೆಂದು ನಮ್ಮ ಮೇಷ್ಟ್ರುಗಳು ಎದೆಯುಬ್ಬಿಸಿ ಹೇಳುತ್ತಿದ್ದರಲ್ಲ, ಅದೇ ಗಯಟೆ. ಆಮೇಲೆ ಇನ್ನೊಬ್ಬ ಕವಿ ಷಿಲ್ಲರ್ ಮನೆ. ಆಮೇಲೆ 1919ರಲ್ಲಿ ಗಣರಾಜ್ಯದ ಸಂವಿಧಾನಕ್ಕೆ ಒಪ್ಪಿಗೆ ಬಿದ್ದ ರಂಗಮಂದಿರ, ಅದೇ ವರ್ಷ ಹುಟ್ಟಿದ ಬೌಹೌಸ್ ಕಲಾಶಾಲೆಯ ಮ್ಯೂಸಿಯಂ. ಮಧ್ಯಾಹ್ನ ಚೌಕದಲ್ಲಿ ಬನ್ನಿನೊಳಗೆ ಸಾಸೇಜು. ಕೈ ಒರೆಸಿಕೊಂಡು ಆರನೇ ನಂಬರಿನ ಬಸ್ಸು ಹತ್ತಿದರೆ ನಾಜಿಗಳ ಬೂಖನ್‌ವಾಲ್ಡ್ ಯಾತನಾ ಶಿಬಿರ. ಕಾವ್ಯದಿಂದ ಚಿತಾಗಾರಕ್ಕೆ ಹೆಚ್ಚೆಂದರೆ ಎಂಟೋ ಹತ್ತೋ ಕಿಲೋಮೀಟರ್, ಸಿಟಿ ಬಸ್ಸಿನ ದಾರಿ.

1937ರಿಂದ 1945ರವರೆಗೆ ಈ ಶಿಬಿರವಿದ್ದ ಗುಡ್ಡದ ಮೇಲೆ ಸುಮಾರು 2,80,000 ಜನರನ್ನು ಕೂಡಿಹಾಕಿದ್ದರು. ಅವರಲ್ಲಿ ಸುಮಾರು 56,000 ಮಂದಿ ಸತ್ತರು. ಶಿಬಿರ ಶುರುವಾದಾಗ ಊರಿನ ಸುಸಂಸ್ಕೃತರಿಂದ ಒಂದು ಆಕ್ಷೇಪಣೆಯೂ ಬಂತು. ಗುಡ್ಡದ ಹೆಸರು ಎಟರ್ಸ್‌ಬೆರ್ಗ್. ಗಯಟೆ ಓಡಾಡಿದ ಜಾಗ. ಆ ಪವಿತ್ರವಾದ ಹೆಸರನ್ನು ಶಿಬಿರಕ್ಕೆ ಇಡುವುದು ಸರಿಯಲ್ಲ ಎಂದು ನಾಜಿ ಸಾಂಸ್ಕೃತಿಕ ಸಂಘದವರು ತಕರಾರು ತೆಗೆದರು. ಶಿಬಿರ ಇರಲಿ, ಹೆಸರು ಮಾತ್ರ ಬೇಡ. ಶಿಬಿರಗಳನ್ನು ನಡೆಸುತ್ತಿದ್ದ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಸಂಸ್ಕೃತಿಗೆ ತಲೆಬಾಗಿ ಹೆಸರು ಬದಲಿಸಿದ. ಸಾಹಿತ್ಯಾಭಿಮಾನ ಅಂದರೆ ಹೀಗಿರಬೇಕು.

ಪ್ರಾಣಿದಯೆಗೂ ಅಲ್ಲಿ ಕೊರತೆಯಿರಲಿಲ್ಲ. ಮುಳ್ಳುತಂತಿಯ ಪಕ್ಕದಲ್ಲೇ, ಚಿತಾಗಾರದ ಚಿಮಣಿ ಕಾಣುವಷ್ಟು ಹತ್ತಿರದಲ್ಲಿ, ಎಸ್‌ಎಸ್ ಸಿಬ್ಬಂದಿ ಮತ್ತು ಅವರ ಸಂಸಾರಗಳ ಮನರಂಜನೆಗೆಂದು ಒಂದು ಪುಟ್ಟ ಪ್ರಾಣಿಸಂಗ್ರಹಾಲಯ ಕಟ್ಟಿಸಿದ್ದರು. ಕಟ್ಟಿದವರು ಕೈದಿಗಳು, ವಾಸಕ್ಕೆ ಕರಡಿಗಳು. ಪ್ರಾಣಿಗಳಿಗೆ ಯಾರೂ ಹಿಂಸೆ ಕೊಡಕೂಡದು ಎಂದು ಕಮಾಂಡೆಂಟ್ ಸಾಹೇಬರು ಲಿಖಿತ ಆದೇಶವನ್ನೇ ಹೊರಡಿಸಿದ್ದರು. ಕರಡಿಗಳಿದ್ದ ಕಲ್ಲಿನ ಗೋಡೆ ಈಗಲೂ ಇದೆ. ಒಂಬತ್ತನೇ ಕ್ಲಾಸಿನ ಹುಡುಗರು ಅಲ್ಲಿ ನಿಂತು ಒಮ್ಮೆ ಕರಡಿಯ ಗುಂಡಿ ನೋಡುತ್ತಾರೆ, ಒಮ್ಮೆ ಚಿಮಣಿ ನೋಡುತ್ತಾರೆ. ಆಗ ಕೇಳುವ ಪ್ರಶ್ನೆಗೆ ಯಾವ ಗೈಡ್ ತಾನೆ ಉತ್ತರ ಹೇಳಿಯಾರು? ವರ್ಕ್‌ಶೀಟ್‌ನಲ್ಲಂತೂ ಅದಕ್ಕೆ ಜಾಗ ಬಿಟ್ಟಿರುವುದಿಲ್ಲ.

ನಿಜ ಹೇಳಬೇಕೆಂದರೆ ಇಲ್ಲಿಗೆ ಹೊರಟ ಮೊದಲ ಪ್ರವಾಸ ಮಕ್ಕಳದ್ದಲ್ಲ, ದೊಡ್ಡವರದ್ದು. 1945ರ ಏಪ್ರಿಲ್ 11ರಂದು ಶಿಬಿರ ಬಿಡುಗಡೆಯಾಯಿತು. ಐದು ದಿನ ಕಳೆದ ಮೇಲೆ ಅಮೆರಿಕದ ಸೇನೆ ವೈಮಾರ್‌ನ ಸುಮಾರು ಸಾವಿರ ನಾಗರಿಕರನ್ನು ಸಾಲು ಕಟ್ಟಿಸಿ ಗುಡ್ಡ ಹತ್ತಿಸಿತು. ಆ ದಿನದ ಚಲನಚಿತ್ರದ ತುಣುಕುಗಳು ಉಳಿದಿವೆ. ಒಳ್ಳೆಯ ಕೋಟು, ಹ್ಯಾಟು ಹಾಕಿಕೊಂಡವರು ಹತ್ತುವಾಗ ನಗುನಗುತ್ತಾ ಹತ್ತಿದ್ದಾರೆ, ಭಾನುವಾರದ ವನಭೋಜನಕ್ಕೆ ಹೊರಟವರಂತೆ. ಒಳಗೆ ಹೆಣಗಳ ರಾಶಿಯ ಮುಂದೆ ಬಂದಾಗ ಮೂಗಿಗೆ ಕರವಸ್ತ್ರ. ಕೆಲವರು ಮುಖ ತಿರುಗಿಸಿದರು, ಕೆಲವರು ತಲೆಸುತ್ತಿ ಬಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು: ನಮಗೆ ಗೊತ್ತಿರಲಿಲ್ಲ. ಶಿಬಿರಕ್ಕೆ ಸ್ವಂತ ಚಿತಾಗಾರ ಆಗುವವರೆಗೆ, ಅಂದರೆ 1940ರವರೆಗೆ, ಅಲ್ಲಿ ಸತ್ತವರನ್ನು ಸುಡುತ್ತಿದ್ದುದು ಇವರದೇ ಊರಿನ ಚಿತಾಗಾರದಲ್ಲಿ. ಜಾಣಕುರುಡು ಕೇಳಿದ್ದೇವೆ, ಮೂಗಿಗೂ ಅಷ್ಟೇ ಜಾಣತನ ಇದ್ದೀತೆಂದು ತಿಳಿದಿರಲಿಲ್ಲ.

ಆಮೇಲೆ ಬಂದದ್ದು ಪೂರ್ವ ಜರ್ಮನಿಯ ಸರ್ಕಾರ. ಅವರು 1958ರಲ್ಲಿ ಇಲ್ಲಿ ದೊಡ್ಡ ಗೋಪುರವನ್ನೂ ಪ್ರತಿಮೆಗಳನ್ನೂ ನಿಲ್ಲಿಸಿ ಶಾಲೆಗಳ ಬಸ್ಸುಗಳನ್ನು ಕಳಿಸತೊಡಗಿದರು. ಸರ್ವಾಧಿಕಾರ ಎಷ್ಟು ಕೆಟ್ಟದ್ದೆಂದು ಮಕ್ಕಳಿಗೆ ತೋರಿಸಲು ಇನ್ನೊಂದು ಸರ್ವಾಧಿಕಾರ ಏರ್ಪಡಿಸಿದ ಪ್ರವಾಸ! ಹಿಂದಿನ ಕಾಡಿನಲ್ಲಿ ಇನ್ನಷ್ಟು ಗೋರಿಗಳಿದ್ದವು. 1945ರಿಂದ 1950ರವರೆಗೆ ಸೋವಿಯತ್ ಪಡೆ ಅದೇ ಬ್ಯಾರಕ್ಕುಗಳಲ್ಲಿ ಸುಮಾರು 28,000 ಜನರನ್ನು ಇಟ್ಟುಕೊಂಡಿತ್ತು. 7,000ಕ್ಕೂ ಹೆಚ್ಚು ಜನ ಸತ್ತಿದ್ದರು. ಟೂರು ಆ ಕಡೆಗೆ ತಿರುಗುತ್ತಿರಲಿಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೆಯೇ ಆ ಗೋರಿಗಳು ‘ಸಿಕ್ಕಿದ್ದು’.

ಈಗಿನ ಟೂರಿನಲ್ಲಿ ಯಾವುದನ್ನೂ ಮುಚ್ಚಿಡುವುದಿಲ್ಲ, ಒಪ್ಪಬೇಕು. ಪ್ರವೇಶ ಉಚಿತ, ಗೈಡ್‌ಗಳು ಓದಿಕೊಂಡವರು. ಬವೇರಿಯಾದಂಥ ರಾಜ್ಯದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಥ ಸ್ಮಾರಕದ ಭೇಟಿ ಕಡ್ಡಾಯವೇ. ಉಪ್ಪು ತಿಂದವರು ಮುತ್ತಾತಂದಿರು, ನೀರು ಕುಡಿಯುತ್ತಿರುವವರು ಮರಿಮಕ್ಕಳು. ಕುಡಿಯುವಾಗ ಯಾರಾದರೂ ಫೋನ್ ತೆಗೆದು ಸೆಲ್ಫಿ ಹೊಡೆದುಕೊಂಡರೆ, ಈಗಿನ ಮಕ್ಕಳಿಗೆ ಗಾಂಭೀರ್ಯವೇ ಇಲ್ಲವೆಂದು ಪೇಪರಿನಲ್ಲಿ ಪತ್ರಗಳು. 2021ರ ಜನವರಿಯಲ್ಲಿ ಹಿಮ ಬಿದ್ದಾಗ ಇದೇ ಬೂಖನ್‌ವಾಲ್ಡ್‌ನ ಪಾರ್ಕಿಂಗ್ ತುಂಬಿ ತುಳುಕಿತು. ಬಂದವರು ಸ್ಮಾರಕ ನೋಡಲು ಬಂದವರಲ್ಲ, ಜಾರುಬಂಡಿ ಆಡಲು ಬಂದವರು. ಬಂಡಿಗಳ ಗೆರೆಗಳು ಕೆಲವೆಡೆ ಹೋಗಿ ನಿಂತದ್ದು ಸಾಮೂಹಿಕ ಗೋರಿಗಳ ಬಳಿ. ಕಾರುಗಳನ್ನು ಒಂಬತ್ತನೇ ಕ್ಲಾಸಿನವರು ಓಡಿಸಿಕೊಂಡು ಬಂದಿರಲಾರರು.

ಇನ್ನು ಮೇಷ್ಟ್ರುಗಳ ವಿಷಯ. ವೈಮಾರ್ ಇರುವ ತ್ಯೂರಿಂಗಿಯಾ ರಾಜ್ಯದಲ್ಲಿ 1930ರಲ್ಲೇ ನಾಜಿಯೊಬ್ಬ ಮಂತ್ರಿಯಾದ, ವಿಲ್ಹೆಲ್ಮ್ ಫ್ರಿಕ್ ಅಂತ. ಅವನು ಹಿಡಿದ ಖಾತೆಗಳು ಎರಡು: ಗೃಹ ಮತ್ತು ಶಿಕ್ಷಣ. ಲಾಠಿಯೂ ಕೈಯಲ್ಲಿ, ಪಠ್ಯಪುಸ್ತಕವೂ ಕೈಯಲ್ಲಿ. ಇವತ್ತು ಅದೇ ರಾಜ್ಯದಲ್ಲಿ ಬಲಪಂಥೀಯ ಎಎಫ್‌ಡಿ ಪಕ್ಷದ ನಾಯಕ ಬ್ಯೋರ್ನ್ ಹೋಕೆ. ಮೊದಲು ಮಾಡುತ್ತಿದ್ದ ಕೆಲಸ ಹೈಸ್ಕೂಲಿನಲ್ಲಿ ಇತಿಹಾಸದ ಪಾಠ. 2017ರಲ್ಲಿ ಇವರು ದೇಶದ ಸ್ಮರಣೆಯ ನೀತಿ 180 ಡಿಗ್ರಿ ತಿರುಗಬೇಕೆಂದು ಭಾಷಣ ಮಾಡಿದರು. ಅದೇ ತಿಂಗಳು ಬೂಖನ್‌ವಾಲ್ಡ್‌ನವರು ಶ್ರದ್ಧಾಂಜಲಿ ಸಭೆಗೆ ದಯವಿಟ್ಟು ಬರಬೇಡಿ ಎಂದು ತಡೆದರು. 2024ರಲ್ಲಿ ಹಿಟ್ಲರನ ಕಂದು ಅಂಗಿ ಪಡೆಯ ಘೋಷಣೆ ಬಳಸಿದ್ದಕ್ಕೆ ಕೋರ್ಟು 13,000 ಯೂರೊ ದಂಡ ಹಾಕಿತು. ಅದು ಅವರ ಘೋಷಣೆಯೆಂದು ತನಗೆ ಗೊತ್ತಿರಲಿಲ್ಲ ಎಂಬುದು ಇತಿಹಾಸದ ಮೇಷ್ಟ್ರ ವಾದ. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರ ಪಕ್ಷ 32.8% ಮತ ಪಡೆದು ರಾಜ್ಯದಲ್ಲಿ ಮೊದಲ ಸ್ಥಾನಕ್ಕೆ ಬಂತು. ಎಳೆಯ ಮತದಾರರಲ್ಲೂ ಅದಕ್ಕೇ ಮೊದಲ ಸ್ಥಾನ. ಶಾಲೆ ಬಿಟ್ಟು ಕೆಲವೇ ವರ್ಷಗಳಾದವರು!

ಇಂಥ ಫಲಿತಾಂಶ ಬಂದಾಗಲೆಲ್ಲ ಯಾರಾದರೊಬ್ಬರು ಎದ್ದು ನಿಂತು, ಶಾಲಾ ಭೇಟಿಗಳನ್ನು ಇನ್ನೂ ಹೆಚ್ಚಿಸಿ ಎನ್ನುತ್ತಾರೆ. ಟೂರು ಒಂದು ದಿನದ್ದು, ಮನೆಯ ಊಟದ ಮೇಜು ವರ್ಷವಿಡೀ ಇರುವಂಥದ್ದು ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ನನ್ನದೊಂದು ಸುತ್ತೋಲೆ. ಮಕ್ಕಳಿಗೆ ಒಂದು ವರ್ಷ ಬಿಡುವು ಕೊಡಿ. ಬಸ್ಸಿಗೆ ದೊಡ್ಡವರನ್ನು ಹತ್ತಿಸಿ. ಹೊಸ ಪ್ರಯೋಗವೇನಲ್ಲ, 1945ರಲ್ಲಿ ಒಮ್ಮೆ ಮಾಡಿ ಅರ್ಧಕ್ಕೇ ಬಿಟ್ಟದ್ದು. ಒಪ್ಪಿಗೆ ಪತ್ರಕ್ಕೆ ಮಕ್ಕಳ ಸಹಿ ಇರಬೇಕು. ಫೋನುಗಳನ್ನು ಹತ್ತುವ ಮೊದಲೇ ಮಕ್ಕಳ ಕೈಗೆ ಒಪ್ಪಿಸಬೇಕು. ವಾಪಸು ಬಂದವರು ಎರಡು ಪುಟದ ವರದಿ ಬರೆದು ಮಕ್ಕಳಿಂದ ತಿದ್ದಿಸಿಕೊಳ್ಳಬೇಕು. ನಕಲು ಹೊಡೆದದ್ದು ಕಂಡರೆ ಮತ್ತೊಮ್ಮೆ ಬಸ್ಸು. ಜಾರುಬಂಡಿ ತರುವಂತಿಲ್ಲ. ಇತಿಹಾಸ ಪಾಠ ಮಾಡಿ ರಾಜಕೀಯಕ್ಕೆ ಬಂದವರು ಮುಂದಿನ ಸಾಲಿನಲ್ಲಿ ಕೂರತಕ್ಕದ್ದು. ‘ನಮಗೆ ಗೊತ್ತಿರಲಿಲ್ಲ’ ಎನ್ನುವವರಿಗೆ ಕಿಟಕಿ ಪಕ್ಕದ ಸೀಟು.