ಶ್ರೀ ವಿರೂಪಾಕ್ಷನ ರುಜು

ವಿಜಯನಗರದ ಅರಸರು ದಾನಶಾಸನಗಳಿಗೆ ತಮ್ಮ ಹೆಸರಿನಲ್ಲಿ ರುಜು ಹಾಕುತ್ತಿರಲಿಲ್ಲ. ತಾಮ್ರಪಟದ ತುಂಬ ಸಂಸ್ಕೃತ, ಅದೂ ನಂದಿನಾಗರಿಯಲ್ಲಿ. ಕಟ್ಟಕಡೆಗೆ ಮಾತ್ರ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’. ಅಪ್ಪ ಹಾಕಿದ್ದೂ ಅದೇ, ಮಗ ಹಾಕಿದ್ದೂ ಅದೇ. ಸಂಗಮರು ಹೋಗಿ ತುಳುವರು ಬಂದರೂ ಅದೇ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ಎ ಕಲಮನ್ನು ಹಿಡಿದು ಹಂಪಿಗೆ ಹೋದರೆ ಈ ರುಜು ನಪಾಸು. ಸಹಿ ಅದನ್ನು ಹಾಕಿದವನಿಗೇ ಅಂಟಿಕೊಂಡಿರಬೇಕು, ಮತ್ತೊಬ್ಬರಿಗೆ ಸಲ್ಲಬಾರದು ಅನ್ನುತ್ತದೆ ಕಲಮು. ವಿರೂಪಾಕ್ಷನೋ, ಕೈಮುಗಿದವರಿಗೆಲ್ಲ ಸಲ್ಲುವವನು.

ಆದರೂ ಆ ಪಟಗಳು ನಡೆದವು. ಅವುಗಳ ಬೆನ್ನಿಗೆ ಶಾಪವಿತ್ತು: ಕೊಟ್ಟ ಭೂಮಿಯನ್ನು ಕಸಿದವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿರುತ್ತಾನೆ ಎಂದು. ಇವತ್ತು ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಬಳಸಿದವನಿಗೆ 66ಸಿ ಕಲಮಿನಲ್ಲಿ ಹೆಚ್ಚೆಂದರೆ 3 ವರ್ಷ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ. ಕಾನೂನು ಬಿಗಿಯಾಗುತ್ತಾ ಬಂದಿದೆ ಅಂತ ಯಾರು ಹೇಳಿದ್ದು? ಅಂದಹಾಗೆ, ಆ ಹುಳು ಪೂರ್ತಿ ಕಾಣೆಯಾಗಿಲ್ಲ. ಕೊರಿಯರ್ ಹುಡುಗ ಮೊಬೈಲು ಮುಂದೊಡ್ಡಿ ‘ಸೈನ್ ಮಾಡಿ ಸಾರ್’ ಅಂದಾಗ ಗಾಜಿನ ಮೇಲೆ ಬೆರಳಾಡಿಸಿ ನೋಡಿ, ಥೇಟ್ ಮಳೆಗಾಲದ ಎರೆಹುಳು. ಅವನು ಅದನ್ನು ನೋಡುವುದೂ ಇಲ್ಲ, ಆಗಲೇ ಲಿಫ್ಟಿನೊಳಗಿರುತ್ತಾನೆ. ಅದಕ್ಕೊಂದು ಕಾನೂನು ಬೇಕೆಂದು ನನಗಂತೂ ಅನ್ನಿಸಿಲ್ಲ. ಬಂದದ್ದು ಚಪ್ಪಲಿ, ಕಳೆದುಹೋದರೂ ಚಪ್ಪಲಿ.

2000ರ ಕಾಯ್ದೆ ಬಂದಾಗ ಅದಕ್ಕೆ ಗೊತ್ತಿದ್ದದ್ದು ಒಂದೇ ಬಗೆಯ ಸಹಿ: ಜೋಡಿ ಕೀಲಿಗಳ ಗಣಿತದ ಮೇಲೆ ನಿಂತ ಡಿಜಿಟಲ್ ಸಹಿ. 2008ರ ತಿದ್ದುಪಡಿ ‘ಎಲೆಕ್ಟ್ರಾನಿಕ್ ಸಹಿ’ ಅಂತ ಬಾಗಿಲನ್ನು ತುಸು ಅಗಲ ಮಾಡಿತು. ಆಮೇಲೆ ಆಧಾರ್ ಒಟಿಪಿಯ ಇ-ಸೈನ್ ಬಂತು. ತಂತ್ರದ ಮಟ್ಟಿಗೆ ನಮ್ಮವರು ಎಳ್ಳಷ್ಟೂ ಸಡಿಲ ಬಿಟ್ಟಿಲ್ಲ. ಪ್ರಮಾಣಪತ್ರ ಕೊಡುವವರಿಗೆ ಪರವಾನಗಿ ಬೇಕು, ಅವರ ಮೇಲೊಬ್ಬ ನಿಯಂತ್ರಕರು, ಪ್ರಮಾಣಪತ್ರಕ್ಕೊಂದು ಅವಧಿ.

ಇಷ್ಟೆಲ್ಲ ಬಿಗಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂದರೆ, ನನ್ನ ಭಾವಮೈದುನನ ಆಡಿಟರ ಮೇಜಿನ ಎರಡನೇ ಖಾನೆಗೆ. ಆ ಖಾನೆ ಎಳೆದರೆ ಒಳಗೆ ಹಳೇ ಸ್ವೀಟ್ ಬಾಕ್ಸು. ಅದರಲ್ಲಿ ಊರಿನ ಕಂಪನಿ ಡೈರೆಕ್ಟರುಗಳ ಡಿಜಿಟಲ್ ಸಹಿಯ ಡಾಂಗಲ್‌ಗಳೆಲ್ಲ ರಬ್ಬರ್‌ಬ್ಯಾಂಡ್ ಸುತ್ತಿಸಿಕೊಂಡು ಮಲಗಿವೆ. ಒಂದೊಂದಕ್ಕೂ ಬಿಳಿ ಸ್ಟಿಕ್ಕರು. ಸ್ಟಿಕ್ಕರಿನ ಮೇಲೆ ಹೆಸರು, ಹೆಸರಿನ ಕೆಳಗೆ ಪಿನ್ನು. ಬಹುತೇಕರ ಪಿನ್ನು 12345678. 42ನೇ ಕಲಮು ಹೇಳುವುದೇನು? ಸಹಿಯ ಒಡೆಯ ಕೀಲಿಯನ್ನು ತಕ್ಕ ಎಚ್ಚರಿಕೆಯಿಂದ ತನ್ನ ವಶದಲ್ಲೇ ಇಟ್ಟುಕೊಳ್ಳಬೇಕು; ಅದು ಕೈತಪ್ಪಿದರೆ ತಡಮಾಡದೆ ಪ್ರಮಾಣಪತ್ರ ಕೊಟ್ಟವರಿಗೆ ತಿಳಿಸಬೇಕು; ತಿಳಿಸುವವರೆಗಿನ ಹೊಣೆ ಅವನದೇ. ಭಾವಮೈದುನನಿಗೆ ಇದನ್ನು ಓದಿ ಹೇಳಿದೆ. ‘ಭಾವ, ಅದು ನನ್ನ ಹತ್ರ ಇದ್ರೆ ಖಂಡಿತ ಕಳೆದುಹಾಕ್ತೀನಿ. ಅವರ ಹತ್ರ ಭದ್ರವಾಗಿದೆ’ ಅಂದ. ಅವನ ಮಾತು ನಿಜ ಅನ್ನುವುದೇ ತೊಂದರೆ.

ಇದಕ್ಕೆ ತಿರುಗುಮುರುಗಾದ ಕಥೆ ಸರ್ಕಾರಿ ಕಚೇರಿಗಳ ಕಿಟಕಿಯಲ್ಲಿ. ಡಿಜಿಟಲ್ ಸಹಿಯಾದ ಪ್ರಮಾಣಪತ್ರದ ಪ್ರಿಂಟು ಕೊಟ್ಟರೆ ಗುಮಾಸ್ತರು ಹಾಳೆ ತಿರುಗಿಸಿ ಹಿಂದೆಯೂ ನೋಡುತ್ತಾರೆ. ‘ಸೀಲ್ ಎಲ್ಲಿ?’ ಸಹಿಯಿರುವ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬೇರೆ. ಅದು ಕಂಪ್ಯೂಟರಿನಲ್ಲಿ ಪರಿಶೀಲಿಸಿಕೊಳ್ಳಿ ಎಂಬ ಸೂಚನೆ, ಅಷ್ಟೇ. ಕಾಗದಕ್ಕಿಳಿದ ಮೇಲೆ ಅದನ್ನು ಪರಿಶೀಲಿಸುವ ದಾರಿಯಿಲ್ಲ. ಗಣಿತ ಕಡತದಲ್ಲೇ ಉಳಿದು, ಪ್ರಿಂಟಿಗೆ ಬರೀ ಅದರ ಚಿತ್ರ ಬಂದಿರುತ್ತದೆ. ಹಾಗಾಗಿ ಸಂಶಯಪಟ್ಟ ಗುಮಾಸ್ತರದೇ ಸರಿ. ಅವರು ಕೇಳುವ ರಬ್ಬರ್ ಸ್ಟಾಂಪನ್ನು ಯಾರು ಬೇಕಾದರೂ ಅವೆನ್ಯೂ ರಸ್ತೆಯಲ್ಲಿ ಮಾಡಿಸಿಕೊಳ್ಳಬಹುದು ಅನ್ನುವುದು ಬೇರೆ ಮಾತು.

ಬಿಗಿ ಮಾಡಲೇಬೇಕಾದರೆ ಗಣಿತವನ್ನು ಬಿಟ್ಟು ಗುಂಡಿಯ ಕಡೆ ನೋಡಲಿ. ಸಾಲದ ಆ್ಯಪಿನಲ್ಲಿ ನಲವತ್ತು ಪುಟದ ಕರಾರನ್ನು ಇಂಗ್ಲಿಷಿನಲ್ಲಿ ತೋರಿಸಿ, ಕೆಳಗೆ ಒಟಿಪಿಗೆ ಆರು ಚೌಕ ಇಟ್ಟರೆ, ಸಹಿ ತಾಂತ್ರಿಕವಾಗಿ ನಿಷ್ಕಳಂಕ. ಒತ್ತಿದವನಿಗೆ ಏನನ್ನು ಒತ್ತಿದೆನೆಂದು ತಿಳಿದಿತ್ತೇ ಅಂತ ಕೇಳುವವರಿಲ್ಲ. ಚೌಕ ತೆರೆದುಕೊಳ್ಳುವ ಮುಂಚೆ ಬಡ್ಡಿ ಎಷ್ಟು, ಕಂತು ಎಷ್ಟು ಅಂತ ಅವನ ಭಾಷೆಯಲ್ಲಿ ಎರಡು ಸಾಲು ಕಾಣಿಸಲೇಬೇಕು, ಕಾಣದಿದ್ದರೆ ಸಹಿ ಬಿದ್ದುಹೋಗಬೇಕು. ಬಾಡಿಗೆ ಕರಾರಿಗೆ, ಚಪ್ಪಲಿಗೆ ಇಷ್ಟು ಬೇಡ.

ಒಂದು ಕಡೆ ಮಾತ್ರ ಕಾನೂನು ಇನ್ನೂ ಹಳೇ ಕಾಲದ್ದಾಗಿಯೇ ಕೂತಿದೆ. 2022ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೊದಲ ಅನುಸೂಚಿಯನ್ನು ತಿದ್ದಿ, ಸ್ಥಿರಾಸ್ತಿ ಮಾರಾಟದ ಕರಾರನ್ನು ಕಾಯ್ದೆಯಿಂದ ಹೊರಗಿಟ್ಟವುಗಳ ಪಟ್ಟಿಯಿಂದ ತೆಗೆದರು, ಉಯಿಲನ್ನು ಮುಟ್ಟಲಿಲ್ಲ. ಉಯಿಲಿಗೆ ಇಂದಿಗೂ ಕಾಗದ, ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳು. 1925ರ ಉತ್ತರಾಧಿಕಾರ ಕಾಯ್ದೆ ಹೇಳಿದ್ದೂ ಅಷ್ಟೇ. ಅದನ್ನೂ ಒಟಿಪಿಗೆ ಬಿಡಿ ಅನ್ನುವವರಿದ್ದಾರೆ. ಬೇಡಪ್ಪ. ನಮ್ಮಲ್ಲಿ ಬಹಳ ಮನೆಗಳಲ್ಲಿ ಅಜ್ಜನ ಫೋನು ಇರುವುದೇ ಹಿರಿಮಗನ ಜೇಬಿನಲ್ಲಿ.